ಡೆಬಿಯನ್, ಉಬುಂಟು ಪ್ಯಾಕೇಜುಗಳ ನಿರ್ವಹಣೆ: ಸಿಸ್ಟಮ್ ಕೆಡದ ಹಾಗೆ ಅಪ್‌ಡೇಟ್ ಮಾಡುವುದು ಹೇಗೆ

"ಅಪ್‌ಡೇಟ್ ಕೊಟ್ಟೆ, ಸಿಸ್ಟಮ್ ಹೋಯ್ತು" ಅನ್ನುವ ದೂರು ಡೆಬಿಯನ್, ಉಬುಂಟು ಥರದ ಲಿನಕ್ಸ್ ಬಳಸುವವರ ನಡುವೆ ಆಗಾಗ ಕೇಳಿಬರುತ್ತದೆ. ಅಂಥ ಕಂಪ್ಯೂಟರ್ ಒಳಗೆ ಇಣುಕಿದರೆ ಬಹಳ ಸಲ ಸಿಗುವುದು ಇವೇ: ಯಾವುದೋ ವಿಡಿಯೊ ನೋಡಿ ಸೇರಿಸಿದ ನಾಲ್ಕಾರು ಪಿಪಿಎಗಳು (ಉಬುಂಟುವಿಗೆ ಹೊರಗಿನವರು ತಯಾರಿಸಿ ಕೊಡುವ ಪ್ಯಾಕೇಜುಗಳ ಸಂಗ್ರಹ), ಹಳೇ ರಿಲೀಸ್‌ನ ಒಂದು ಸೋರ್ಸ್ ಸಾಲು, ಎಲ್ಲಿಂದಲೋ ಇಳಿಸಿಕೊಂಡ ಡೆಬ್ ಫೈಲು, ಜೊತೆಗೆ ಸುಡೋ (ಅಡ್ಮಿನ್ ಅಧಿಕಾರ) ಹಾಕಿ ಪೈಥಾನ್‌ನ ಇನ್‌ಸ್ಟಾಲರ್ ಆದ ಪಿಪ್‌ನಿಂದ ತುಂಬಿಸಿದ ಪೈಥಾನ್ ಲೈಬ್ರರಿಗಳು. ಪಾಪ, ಅಪ್‌ಡೇಟ್‌ದೇನು ತಪ್ಪು? ಮೊದಲೇ ಇದ್ದ ಬೆರಕೆಯನ್ನು ಅದು ಬಯಲಿಗೆ ತಂದಿತು, ಅಷ್ಟೆ. ಆದ್ದರಿಂದ ಈ ಬರಹದಲ್ಲಿ ಕಮಾಂಡುಗಳಿಗಿಂತ ಜಾಸ್ತಿ ಒತ್ತು ಎರಡು ವಿಷಯಗಳಿಗೆ: ಪ್ಯಾಕೇಜು ಎಲ್ಲಿಂದ ಬರುತ್ತಿದೆ ಅಂತ ತಿಳಿದಿರುವುದು, ಮತ್ತು ಒಪ್ಪಿಗೆಗೆ ವೈ ಒತ್ತುವ ಮುಂಚೆ ಆಪ್ಟ್ (ಪ್ಯಾಕೇಜುಗಳನ್ನು ತಂದು ಹಾಕುವ ಪ್ರೋಗ್ರಾಂ) ಏನು ಹೇಳುತ್ತಿದೆ ಅಂತ ಓದುವುದು.

ಒಂದು ಸೂಚನೆ. ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಅಡ್ಡಗೆರೆ, ಚುಕ್ಕೆ, ಖಾಲಿ ಜಾಗ ಇದ್ದ ಹಾಗೇ ಇರಲಿ.

ಹಂತ 1: ನಿಮ್ಮಲ್ಲಿ ಇರುವುದು ಯಾವ ರಿಲೀಸ್?

ಕ್ಯಾಟ್ /ಇಟಿಸಿ/ಓಎಸ್-ರಿಲೀಸ್

ಇದನ್ನು ಕೊಟ್ಟರೆ ಹೆಸರು, ಸಂಖ್ಯೆ, ಕೋಡ್‌ನೇಮ್ ಮೂರೂ ಸಿಗುತ್ತವೆ. ಕೋಡ್‌ನೇಮ್ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಡೆಬಿಯನ್ 12 ಅಂದರೆ ಬುಕ್‌ವರ್ಮ್, 2025ರ ಆಗಸ್ಟ್‌ನಲ್ಲಿ ಬಂದ 13 ಅಂದರೆ ಟ್ರಿಕ್ಸಿ. ಉಬುಂಟು 22.04 ಜ್ಯಾಮಿ, 24.04 ನೋಬಲ್.

ಅದಕ್ಕೆ ಇನ್ನೂ ಬೆಂಬಲ ಇದೆಯಾ ಅನ್ನುವುದು ಮುಂದಿನ ಪ್ರಶ್ನೆ. ಡೆಬಿಯನ್ ಸ್ಟೇಬಲ್‌ಗೆ (ಎಲ್ಲರ ಬಳಕೆಗೆ ಬಿಟ್ಟ ಅಧಿಕೃತ ರಿಲೀಸ್) ಸೆಕ್ಯುರಿಟಿ ತಂಡ ಸುಮಾರು ಮೂರು ವರ್ಷ, ಆಮೇಲೆ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲ) ತಂಡ ಇನ್ನೆರಡು ವರ್ಷ ನೋಡಿಕೊಳ್ಳುತ್ತದೆ. ಉಬುಂಟು ಎಲ್‌ಟಿಎಸ್‌ಗೆ ಐದು ವರ್ಷ. ಉಬುಂಟು ಪ್ರೊ ಅನ್ನುವ ಚಂದಾ ಸೇವೆಗೆ ಸೇರಿಕೊಂಡರೆ ಹತ್ತು ವರ್ಷದವರೆಗೆ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ. ಸ್ವಂತ ಬಳಕೆಗೆ ಐದು ಕಂಪ್ಯೂಟರ್‌ಗಳವರೆಗೆ ಇದು ಉಚಿತ. ಎಲ್‌ಟಿಎಸ್ ಅಲ್ಲದ ಉಬುಂಟು ರಿಲೀಸ್‌ಗಳಿಗೆ ಬರೀ ಒಂಬತ್ತು ತಿಂಗಳು. ಆ ಒಂಬತ್ತು ತಿಂಗಳು ಮುಗಿದ ಮೇಲೆ ಅವುಗಳ ಪ್ಯಾಕೇಜುಗಳನ್ನು ಹಳೇ ರಿಲೀಸ್‌ಗಳ ಸರ್ವರ್‌ಗೆ ಸಾಗಿಸಿಬಿಡುತ್ತಾರೆ. "ನಿನ್ನೆವರೆಗೂ ಸರಿ ಇತ್ತು, ಇವತ್ತು ಎಲ್ಲಾ 404 ಅಂತಿದೆ" ಅನ್ನುವವರಲ್ಲಿ ಎಷ್ಟೋ ಜನರ ಸಮಸ್ಯೆ ಇದೇ. ಮನೆ ಕಂಪ್ಯೂಟರ್‌ಗೆ, ಅಂಗಡಿ ಕಂಪ್ಯೂಟರ್‌ಗೆ ಎಲ್‌ಟಿಎಸ್ ಅಥವಾ ಡೆಬಿಯನ್ ಸ್ಟೇಬಲ್ ಹಾಕಿ. ಬೇರೆಯದರ ಸಹವಾಸ ಬೇಡ.

ಹಂತ 2: ಸೋರ್ಸ್‌ಗಳನ್ನು ತೆರೆದು ಓದಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಆಪ್ಟ್‌ಗೆ ಪ್ಯಾಕೇಜು ಎಲ್ಲಿಂದ ತರಬೇಕು ಅಂತ ಹೇಳುವ ಸಾಲುಗಳು ಹಿಂದೆಲ್ಲ /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್ ಅನ್ನುವ ಒಂದೇ ಫೈಲಿನಲ್ಲಿ ಇರುತ್ತಿದ್ದವು. ಈಗ ಉಬುಂಟು 24.04ರಲ್ಲಿ ಅವು ಪಕ್ಕದ ಸೋರ್ಸಸ್.ಲಿಸ್ಟ್.ಡಿ ಫೋಲ್ಡರ್‌ನೊಳಗಿನ ಉಬುಂಟು.ಸೋರ್ಸಸ್ ಫೈಲಿಗೆ ಹೋಗಿವೆ. ಹೊಸ ರೂಪದಲ್ಲಿ ಪ್ರತಿ ಸೋರ್ಸ್‌ಗೂ ಟೈಪ್ಸ್, ಯುಆರ್‌ಐಸ್, ಸ್ವೀಟ್ಸ್, ಕಾಂಪೊನೆಂಟ್ಸ್, ಸೈನ್ಡ್-ಬೈ ಅಂತ ಬೇರೆ ಬೇರೆ ಸಾಲು. ಓದಲು ಇದೇ ಸಲೀಸು. ಡೆಬಿಯನ್ 13ರಲ್ಲಿ "ಆಪ್ಟ್ ಮಾಡರ್ನೈಸ್-ಸೋರ್ಸಸ್" ಅಂತ ಕೊಟ್ಟರೆ ಹಳೇ ಸಾಲುಗಳನ್ನು ಅದೇ ಹೊಸ ರೂಪಕ್ಕೆ ತಿರುಗಿಸಿ ಕೊಡುತ್ತದೆ.

ಮೊದಲು ಕೋಡ್‌ನೇಮ್ ನೋಡಿ. ಎಲ್ಲಾ ಸಾಲುಗಳಲ್ಲೂ ನಿಮ್ಮ ರಿಲೀಸ್‌ನ ಕೋಡ್‌ನೇಮೇ ಇರಬೇಕು. ಟ್ರಿಕ್ಸಿ ಆಗಿದ್ದರೆ ಟ್ರಿಕ್ಸಿ, ಟ್ರಿಕ್ಸಿ-ಅಪ್‌ಡೇಟ್ಸ್, ಟ್ರಿಕ್ಸಿ-ಸೆಕ್ಯುರಿಟಿ. ನಡುವೆ ಎಲ್ಲಾದರೂ ಸಿಡ್, ಟೆಸ್ಟಿಂಗ್ (ಇನ್ನೂ ತಯಾರಾಗುತ್ತಿರುವ ಡೆಬಿಯನ್‌ಗಳು), ಅಥವಾ ಹಿಂದಿನ ರಿಲೀಸ್‌ನ ಹೆಸರು ಕಂಡರೆ ಅದೇ ಮುಂದಿನ ತಲೆನೋವು. ಹೀಗೆ ಬೆರಕೆಯಾದ ಸಿಸ್ಟಮ್‌ಗೆ ಡೆಬಿಯನ್‌ನವರು ಫ್ರಾಂಕನ್‌ಡೆಬಿಯನ್ ಅಂತ ಹೆಸರೇ ಇಟ್ಟಿದ್ದಾರೆ. "ಸ್ಟೇಬಲ್" ಅನ್ನುವ ಪದವನ್ನೂ ಬಳಸಬೇಡಿ, ಕೋಡ್‌ನೇಮನ್ನೇ ಬರೆಯಿರಿ. ಇಲ್ಲದಿದ್ದರೆ ಹೊಸ ಡೆಬಿಯನ್ ಬಿಡುಗಡೆಯಾದ ದಿನ ನಿಮ್ಮ ಮಾಮೂಲಿ ಅಪ್‌ಡೇಟೇ ದೊಡ್ಡ ವರ್ಷನ್ ಅಪ್‌ಗ್ರೇಡ್ ಆಗಿ ನಿಂತಿರುತ್ತದೆ.

ಸೆಕ್ಯುರಿಟಿ ಸಾಲು ಇದೆಯಾ ಅಂತಲೂ ನೋಡಿ. ಕೆಲವರು ಫೈಲನ್ನು ಕೈಯಲ್ಲಿ ತಿದ್ದುವಾಗ ಅದನ್ನೇ ಅಳಿಸಿರುತ್ತಾರೆ. ಇನ್ನು ಡೆಬಿಯನ್ 12ರಿಂದ ವೈಫೈ ಮುಂತಾದವುಗಳ ಫರ್ಮ್‌ವೇರ್ (ಆ ಯಂತ್ರಭಾಗವನ್ನು ನಡೆಸುವ ಸಾಫ್ಟ್‌ವೇರ್) "ನಾನ್-ಫ್ರೀ-ಫರ್ಮ್‌ವೇರ್" ಅನ್ನುವ ಬೇರೆ ವಿಭಾಗಕ್ಕೆ ಹೋಗಿದೆ. 11ರಿಂದ ಮೇಲಕ್ಕೆ ಬಂದವರು ಆ ಪದವನ್ನು ಸೇರಿಸದಿದ್ದರೆ ಫರ್ಮ್‌ವೇರ್ ಹಳೆಯದೇ ಉಳಿಯುತ್ತದೆ. ಯಾವ ಎಚ್ಚರಿಕೆಯೂ ದೊಡ್ಡದಾಗಿ ಕಣ್ಣಿಗೆ ಬೀಳುವುದಿಲ್ಲ.

ಹಂತ 3: ಅಪ್‌ಡೇಟ್, ಆಮೇಲೆ ಪಟ್ಟಿ ನೋಡುವುದು

ಸುಡೋ ಆಪ್ಟ್ ಅಪ್‌ಡೇಟ್

ಇದು ಏನನ್ನೂ ಇನ್‌ಸ್ಟಾಲ್ ಮಾಡುವುದಿಲ್ಲ. ಯಾವ ಪ್ಯಾಕೇಜಿನ ಯಾವ ವರ್ಷನ್ ಸರ್ವರ್‌ನಲ್ಲಿದೆ ಅನ್ನುವ ಪಟ್ಟಿಯನ್ನು ತರುತ್ತದೆ, ಅಷ್ಟೆ. ಓಡುವಾಗ ಹಿಟ್ ಅಂತ ಬಂದರೆ ಪಟ್ಟಿ ಬದಲಾಗಿಲ್ಲ, ಗೆಟ್ ಅಂದರೆ ಹೊಸದನ್ನು ಇಳಿಸುತ್ತಿದೆ, ಎರ್ ಅಂದರೆ ಆ ಸೋರ್ಸ್ ಸಿಗಲಿಲ್ಲ. ಎರ್ ಬಂದಿರುವಾಗಲೇ ಮುಂದಿನ ಕಮಾಂಡ್ ಒತ್ತಬೇಡಿ, ಮೊದಲು ಅದನ್ನು ಸರಿಮಾಡಿ. "ಹ್ಯಾಶ್ ಸಮ್ ಮಿಸ್‌ಮ್ಯಾಚ್" ಅಂತ ಬಂದರೆ ಬಹುತೇಕ ಮಿರರ್ (ಮುಖ್ಯ ಸರ್ವರ್‌ನ ನಕಲು ಸರ್ವರ್) ಅರ್ಧಂಬರ್ಧ ಅಪ್‌ಡೇಟ್ ಆಗಿರುತ್ತದೆ, ಇಲ್ಲವೇ ನಡುವಿನ ಯಾವುದೋ ಕ್ಯಾಶೆ ಹಳೇ ಫೈಲು ಕೊಡುತ್ತಿರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿ. ಆಗಲೂ ಬಂದರೆ ಭಾರತದ ಮಿರರ್ ಬದಲು ಉಬುಂಟುವಿನ ಮುಖ್ಯ ಸರ್ವರ್ ಆರಿಸಿ.

ಆಪ್ಟ್ ಲಿಸ್ಟ್ --ಅಪ್‌ಗ್ರೇಡಬಲ್

ಪಟ್ಟಿಯ ಮೇಲೆ ಕಣ್ಣಾಡಿಸಿ. ಕರ್ನಲ್ (ಸಿಸ್ಟಮ್‌ನ ತಿರುಳು), ಗ್ರಾಫಿಕ್ಸ್ ಡ್ರೈವರ್, ಸಿಸ್ಟಮ್‌ಡಿ, ಲಿಬ್‌ಸಿ ಇವುಗಳಲ್ಲಿ ಯಾವುದಾದರೂ ಇದ್ದರೆ ಅಪ್‌ಡೇಟ್ ಆದಮೇಲೆ ರೀಬೂಟ್ ಬೇಕಾಗುತ್ತದೆ ಅಂತ ಲೆಕ್ಕ ಹಾಕಿಕೊಳ್ಳಿ. ಹತ್ತು ನಿಮಿಷದಲ್ಲಿ ಆನ್‌ಲೈನ್ ಮೀಟಿಂಗ್ ಇದೆ ಅನ್ನುವಾಗ ಇದಕ್ಕೆ ಕೈ ಹಾಕಬೇಡಿ.

ಹಂತ 4: ಅಪ್‌ಗ್ರೇಡ್

ಸುಡೋ ಆಪ್ಟ್ ಅಪ್‌ಗ್ರೇಡ್

ಇದು ಇರುವ ಪ್ಯಾಕೇಜುಗಳನ್ನು ಹೊಸದಕ್ಕೆ ಏರಿಸುತ್ತದೆ. ಬೇಕಾದರೆ ಹೊಸ ಪ್ಯಾಕೇಜು ಸೇರಿಸುತ್ತದೆ, ಆದರೆ ಯಾವುದನ್ನೂ ತೆಗೆಯುವುದಿಲ್ಲ. "ಫುಲ್-ಅಪ್‌ಗ್ರೇಡ್" ಕೊಟ್ಟರೆ ಅಡ್ಡ ಬಂದ ಪ್ಯಾಕೇಜನ್ನು ತೆಗೆದುಹಾಕುವ ಅಧಿಕಾರವೂ ಆಪ್ಟ್‌ಗೆ ಸಿಗುತ್ತದೆ. ದಿನನಿತ್ಯಕ್ಕೆ ಮೊದಲನೆಯದು ಸಾಕು. ಇಂಟರ್ನೆಟ್‌ನಲ್ಲಿ ಎಷ್ಟೋ ಕಡೆ ಇವೆರಡನ್ನೂ "ಮೈನಸ್ ವೈ" ಹಾಕಿ ಒಂದೇ ಸಾಲಿನಲ್ಲಿ ಪೋಣಿಸಿ ಕೊಡುತ್ತಾರೆ. ಪ್ರಶ್ನೆ ಕೇಳುವ ಮೊದಲೇ ಹೌದು ಅಂದ ಹಾಗೆ ಅದು. ನನಗಂತೂ ಸರಿ ಕಾಣುವುದಿಲ್ಲ.

ವೈ ಒತ್ತುವ ಮುಂಚೆ ತೆಗೆಯುವ ಪ್ಯಾಕೇಜುಗಳ ಸಂಖ್ಯೆಯನ್ನು ನೋಡಿ. ಸೊನ್ನೆ ಇದ್ದರೆ ನೆಮ್ಮದಿ. ಸೊನ್ನೆ ಇಲ್ಲದಿದ್ದರೆ ಆ ಹೆಸರುಗಳನ್ನು ಒಂದೊಂದಾಗಿ ಓದಿ. ಅದರಲ್ಲಿ ಉಬುಂಟು-ಡೆಸ್ಕ್‌ಟಾಪ್, ಗ್ನೋಮ್-ಶೆಲ್, ನೆಟ್‌ವರ್ಕ್-ಮ್ಯಾನೇಜರ್ ಥರದ್ದು ಇದ್ದರೆ ಎನ್ ಒತ್ತಿ ಹೊರಗೆ ಬನ್ನಿ. ಡೆಬಿಯನ್ 13ರಲ್ಲಿರುವ ಆಪ್ಟ್ 3.0 ತೆಗೆಯುವ ಪ್ಯಾಕೇಜುಗಳನ್ನು ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಆದ್ದರಿಂದ ತಪ್ಪಿಸಿಕೊಳ್ಳುವುದು ಈಗ ಕಷ್ಟ. ಏನೂ ಮಾಡದೆ ಸುಮ್ನೆ ಏನಾಗಬಹುದು ಅಂತ ನೋಡಬೇಕಿದ್ದರೆ "ಆಪ್ಟ್ -ಎಸ್ ಫುಲ್-ಅಪ್‌ಗ್ರೇಡ್" ಕೊಡಿ, ಅದು ಬರೀ ಅಣಕು ಓಟ.

"ಕೆಪ್ಟ್ ಬ್ಯಾಕ್" ಅಂತ ಕೆಲವು ಹೆಸರು ಬಂದರೆ ಗಾಬರಿ ಬೇಡ. ಉಬುಂಟುವಿನಲ್ಲಿ ಇದಕ್ಕೆ ಹೆಚ್ಚಾಗಿ ಕಾರಣ ಫೇಸ್ಡ್ ಅಪ್‌ಡೇಟ್: ಹೊಸ ಪ್ಯಾಕೇಜನ್ನು ಮೊದಲು ಕೆಲವೇ ಶೇಕಡಾ ಕಂಪ್ಯೂಟರ್‌ಗಳಿಗೆ ಕೊಟ್ಟು, ತೊಂದರೆಯ ವರದಿ ಬರದಿದ್ದರೆ ಆಮೇಲೆ ಎಲ್ಲರಿಗೂ ಕೊಡುತ್ತಾರೆ. ಕಾದರೆ ತಾನೇ ಬರುತ್ತದೆ. ಒತ್ತಾಯ ಮಾಡಿ ಎಳೆದುಕೊಂಡರೆ ಸಿಗುವುದು ಪರೀಕ್ಷೆಗೆ ಒಳಗಾಗುವ ಭಾಗ್ಯ ಮಾತ್ರ.

ನಡುವೆ ಒಮ್ಮೊಮ್ಮೆ ಕಾನ್ಫಿಗರೇಶನ್ ಫೈಲಿನ ಪ್ರಶ್ನೆ ಬರುತ್ತದೆ. ನೀವು ತಿದ್ದಿದ ಫೈಲನ್ನು ಪ್ಯಾಕೇಜು ತಯಾರಿಸಿದವರೂ ಬದಲಿಸಿದ್ದಾರೆ, ಯಾವುದು ಇರಲಿ ಅಂತ. ಮೊದಲು ಡಿ ಒತ್ತಿ, ಎರಡಕ್ಕೂ ಏನು ವ್ಯತ್ಯಾಸ ಅಂತ ತೋರಿಸುತ್ತದೆ. ನೀವು ಬೇಕೆಂದೇ ಮಾಡಿದ ಬದಲಾವಣೆ ಆಗಿದ್ದರೆ ಎನ್, ಅಂದರೆ ನಿಮ್ಮದೇ ಉಳಿಯಲಿ. ಏನೂ ಹೇಳದೆ ಎಂಟರ್ ಒತ್ತಿದರೂ ಆಗುವುದು ಅದೇ. ಆಗ ಹೊಸ ಫೈಲು ಪಕ್ಕದಲ್ಲೇ ಡಾಟ್ ಡಿಪಿಕೆಜಿ-ಡಿಸ್ಟ್ ಅನ್ನುವ ಬಾಲದೊಂದಿಗೆ ಕೂರುತ್ತದೆ. ವೈ ಅಂದರೆ ನಿಮ್ಮ ಹಳೆಯದು ಡಾಟ್ ಡಿಪಿಕೆಜಿ-ಓಲ್ಡ್ ಆಗಿ ಉಳಿಯುತ್ತದೆ. ಎರಡರಲ್ಲೂ ಏನೂ ಕಳೆದುಹೋಗುವುದಿಲ್ಲ. ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವ್ಯವಸ್ಥೆ) ಫೈಲಿಗೆ ಮಾತ್ರ ಈ ಪ್ರಶ್ನೆ ಬಂದರೆ, ಅದೂ ದೂರದ ಸರ್ವರ್ ಆಗಿದ್ದರೆ, ನಿಮ್ಮದನ್ನೇ ಉಳಿಸಿಕೊಳ್ಳಿ.

ಕರೆಂಟ್ ವಿಷಯ. ಫೈಲು ಇಳಿಯುವಾಗ ನಿಂತರೆ ನಷ್ಟವಿಲ್ಲ, ಮತ್ತೆ ಅಲ್ಲಿಂದಲೇ ಮುಂದುವರಿಯುತ್ತದೆ. ಅನ್‌ಪ್ಯಾಕಿಂಗ್, ಸೆಟ್ಟಿಂಗ್ ಅಪ್ ಅಂತ ಓಡುವಾಗ ನಿಲ್ಲಬಾರದು. ಮಳೆಗಾಲದಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಇರುವವರು ಅಪ್‌ಗ್ರೇಡ್ ಮುಂದೆ -ಡಿ ಸೇರಿಸಿ ಮೊದಲು ಫೈಲುಗಳನ್ನಷ್ಟೇ ಇಳಿಸಿಟ್ಟುಕೊಳ್ಳಿ, ಕರೆಂಟ್ ನಂಬಬಹುದಾದ ಹೊತ್ತಿನಲ್ಲಿ ಇನ್‌ಸ್ಟಾಲ್ ಮಾಡಿ. ದಿನಕ್ಕೆ ಇಷ್ಟೇ ಜಿಬಿ ಅಂತಿರುವ ಮೊಬೈಲ್ ಡೇಟಾದವರಿಗೂ ಇದೇ ದಾರಿ: ರಾತ್ರಿ ಉಳಿದ ಡೇಟಾದಲ್ಲಿ ಇಳಿಸಿ, ಬೆಳಿಗ್ಗೆ ಹಾಕಿ.

ವರ್ಷನ್ ಸಂಖ್ಯೆ ನೋಡಿ ಮೋಸಹೋಗಬೇಡಿ

"ಡೆಬಿಯನ್‌ನಲ್ಲಿ ಎಲ್ಲಾ ಹಳೇ ವರ್ಷನ್, ಸೇಫ್ ಅಲ್ಲ ಅಲ್ವಾ?" ಇದು ಬಹಳ ಜನ ಕೇಳುವ ಪ್ರಶ್ನೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಅನ್ನುವ ಎನ್‌ಕ್ರಿಪ್ಶನ್ ಲೈಬ್ರರಿಯಲ್ಲಿ ಹಾರ್ಟ್‌ಬ್ಲೀಡ್ ಎಂಬ ದೊಡ್ಡ ತೂತು ಸಿಕ್ಕಿತು. ಮೂಲ ತಂಡದವರು 1.0.1ಜಿ ಬಿಟ್ಟು ಅದನ್ನು ಮುಚ್ಚಿದರು. ಡೆಬಿಯನ್ 7 ಬಳಸುತ್ತಿದ್ದವರಿಗೆ ಮಾತ್ರ 1.0.1ಇ ಅನ್ನುವ ಹಳೇ ಸಂಖ್ಯೆಯೇ ಉಳಿಯಿತು, ಕೊನೆಗೆ ಡೆಬ್7ಯು5 ಅನ್ನುವ ಬಾಲ ಸೇರಿತು. ತೂತು ಮುಚ್ಚಿತ್ತು, ಮೇಲಿನ ಸಂಖ್ಯೆ ಬದಲಾಗಿರಲಿಲ್ಲ. ಸ್ಟೇಬಲ್ ನಡೆಯುವುದೇ ಹೀಗೆ. ಹೊಸ ವರ್ಷನ್ ತರದೆ, ಬೇಕಾದ ತೇಪೆಯನ್ನು ಮಾತ್ರ ಹಿಂದಿನ ವರ್ಷನ್‌ಗೆ ಹಾಕುತ್ತಾರೆ. ಆದ್ದರಿಂದ ನೋಡಬೇಕಾದದ್ದು ಬಾಲವನ್ನು. "ಆಪ್ಟ್ ಚೇಂಜ್‌ಲಾಗ್ ಓಪನ್‌ಎಸ್‌ಎಸ್‌ಎಲ್" ಕೊಟ್ಟರೆ ಯಾವ ಸಿವಿಇ (ತೂತಿಗೆ ಕೊಟ್ಟ ಗುರುತಿನ ಸಂಖ್ಯೆ) ಮುಚ್ಚಿದೆ ಅಂತ ಬರೆದೇ ಇರುತ್ತದೆ.

ತದ್ವಿರುದ್ಧ ಉದಾಹರಣೆಯೂ ಇದೆ. 2024ರ ಮಾರ್ಚ್ 29ರಂದು ಎಕ್ಸ್‌ಝಡ್ ಅನ್ನುವ ಕಂಪ್ರೆಶನ್ ಪ್ಯಾಕೇಜಿನ 5.6.0 ಮತ್ತು 5.6.1 ವರ್ಷನ್‌ಗಳಲ್ಲಿ ಕಳ್ಳಬಾಗಿಲು ಇಟ್ಟಿರುವುದು ಬಯಲಾಯಿತು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಅಂತ ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಅದನ್ನು ಹಿಡಿದರು. ಡೆಬಿಯನ್ ಟೆಸ್ಟಿಂಗ್, ಅನ್‌ಸ್ಟೇಬಲ್ (ಅಂದರೆ ಸಿಡ್) ಬಳಸುತ್ತಿದ್ದವರಿಗೆ ಆ ವರ್ಷನ್ ತಲುಪಿತ್ತು. ಸ್ಟೇಬಲ್‌ನವರು 5.4.1ರಲ್ಲೇ ಇದ್ದರು, ಅವರಿಗೆ ಏನೂ ಆಗಲಿಲ್ಲ.

ಹಂತ 5: ಹೊರಗಿನ ಸೋರ್ಸ್‌ಗಳು

ಒಂದು ಪ್ಯಾಕೇಜು ಎಲ್ಲಿಂದ ಬಂದಿದೆ ಅಂತ ತಿಳಿಯಲು ಆಪ್ಟ್ ಪಾಲಿಸಿ ಅನ್ನುವ ಕಮಾಂಡ್ ಇದೆ. ಕಲಿಯುವುದಕ್ಕೆ ಕನ್ನಡದ ಗುಬ್ಬಿ ಫಾಂಟ್ ಒಳ್ಳೆಯ ಪ್ಯಾಕೇಜು. ಚಿಕ್ಕದು, ಹಾಕಿ ತೆಗೆದರೂ ಏನೂ ಕೆಡುವುದಿಲ್ಲ.

ಆಪ್ಟ್ ಪಾಲಿಸಿ ಫಾಂಟ್ಸ್-ಗುಬ್ಬಿ

ಇನ್‌ಸ್ಟಾಲ್ಡ್ ಅನ್ನುವುದು ಈಗ ಇರುವ ವರ್ಷನ್, ಕ್ಯಾಂಡಿಡೇಟ್ ಅನ್ನುವುದು ಈಗ ಹಾಕಲು ಹೇಳಿದರೆ ಬರುವ ವರ್ಷನ್, ಅದರ ಕೆಳಗೆ ಯಾವ ಸರ್ವರ್‌ನಿಂದ, ಯಾವ ಆದ್ಯತೆಯಲ್ಲಿ ಅಂತ ಇರುತ್ತದೆ. ಮಾಮೂಲಿ ಸೋರ್ಸ್‌ಗೆ 500, ಡೆಬಿಯನ್ ಬ್ಯಾಕ್‌ಪೋರ್ಟ್ಸ್‌ಗೆ (ಸ್ಟೇಬಲ್‌ಗೆ ಹೊಂದಿಸಿದ ಹೊಸ ವರ್ಷನ್‌ಗಳ ಸೋರ್ಸ್) 100. ಅದಕ್ಕೇ ಬ್ಯಾಕ್‌ಪೋರ್ಟ್ಸ್ ಸೇರಿಸಿದರೂ ಅದು ತಾನಾಗಿ ನುಗ್ಗುವುದಿಲ್ಲ, ಕೇಳಿದರೆ ಮಾತ್ರ ಬರುತ್ತದೆ. ಪಿಪಿಎ ಹಾಗಲ್ಲ, ಅದೂ 500. ಹೊಸ ಸಂಖ್ಯೆ ಯಾರ ಹತ್ತಿರ ಇದೆಯೋ ಅವರು ಗೆಲ್ಲುತ್ತಾರೆ. ಒಂದು ವಿಡಿಯೊ ಪ್ಲೇಯರ್‌ಗಾಗಿ ಸೇರಿಸಿದ ಪಿಪಿಎ ನಿಮ್ಮ ಕೋಡೆಕ್ ಲೈಬ್ರರಿಗಳನ್ನೆಲ್ಲ ಬದಲಿಸಿಬಿಡುವುದು ಈ ದಾರಿಯಲ್ಲೇ.

ಪಿಪಿಎ ಬೇಡವಾದರೆ ಬರೀ ಆ ಫೈಲನ್ನು ಅಳಿಸಿದರೆ ಸಾಲದು. ಅದರಿಂದ ಬಂದ ಪ್ಯಾಕೇಜುಗಳು ಅಲ್ಲೇ ಕೂತಿರುತ್ತವೆ, ಅವಕ್ಕೆ ಇನ್ನು ಮುಂದೆ ಅಪ್‌ಡೇಟೂ ಬರುವುದಿಲ್ಲ. ಪಿಪಿಎ-ಪರ್ಜ್ ಅನ್ನುವ ಪ್ಯಾಕೇಜು ಹಾಕಿಕೊಂಡು ಅದರ ಮೂಲಕ ತೆಗೆದರೆ ಉಬುಂಟುವಿನ ಅಧಿಕೃತ ವರ್ಷನ್‌ಗೆ ಇಳಿಸಿ ಕೊಡುತ್ತದೆ. ಹೀಗೆ ಅನಾಥವಾಗಿ ಉಳಿದವನ್ನು ಕಂಡುಹಿಡಿಯಲು:

ಆಪ್ಟ್ ಲಿಸ್ಟ್ '?ಆಬ್ಸೊಲೀಟ್'

ಬ್ರೌಸರ್ ಥರದ್ದಕ್ಕೆ ಹೊರಗಿನ ಸೋರ್ಸ್ ಬೇಕೇ ಬೇಕಾದರೆ, ಅದರ ಕೀಯನ್ನು (ಪ್ಯಾಕೇಜಿನ ಸಹಿ ಪರೀಕ್ಷಿಸಲು ಬೇಕಾದ ಫೈಲು) /ಇಟಿಸಿ/ಆಪ್ಟ್/ಕೀರಿಂಗ್ಸ್ ಒಳಗಿಟ್ಟು ಆ ಸೋರ್ಸ್‌ಗೆ ಮಾತ್ರ ಸೈನ್ಡ್-ಬೈ ಎಂದು ಕಟ್ಟಿ. ಹಳೇ ಆಪ್ಟ್-ಕೀ ವಿಧಾನದಲ್ಲಿ ಒಬ್ಬರ ಕೀ ಎಲ್ಲಾ ಸೋರ್ಸ್‌ಗೂ ಸಹಿ ಹಾಕಬಲ್ಲದಾಗಿತ್ತು. ಡೆಬಿಯನ್ 13ರಲ್ಲಿ ಆ ಕಮಾಂಡೇ ಇಲ್ಲ. ಇನ್ನೂ ಆಪ್ಟ್-ಕೀ ಬಳಸಿ ಅಂತ ಹೇಳುವ ಟ್ಯುಟೋರಿಯಲ್ ಕಂಡರೆ ಮುಚ್ಚಿಬಿಡಿ, ಉಳಿದದ್ದೂ ಅಷ್ಟೇ ಹಳೆಯದಿರುತ್ತದೆ.

ಪಿಪ್ ಬಗ್ಗೆ ಚಿಕ್ಕದಾಗಿ: ಡೆಬಿಯನ್ 12ರಿಂದ ಸಿಸ್ಟಮ್ ಪೈಥಾನ್ ಒಳಗೆ ಪಿಪ್ ನೇರವಾಗಿ ಹಾಕಲು ಬಿಡುವುದಿಲ್ಲ. ಬ್ರೇಕ್-ಸಿಸ್ಟಮ್-ಪ್ಯಾಕೇಜಸ್ ಅನ್ನುವ ಆಯ್ಕೆ ಕೊಟ್ಟರೆ ಬಿಡುತ್ತದೆ, ಆದರೆ ಹೆಸರಲ್ಲೇ ಇದೆಯಲ್ಲ. ಸಿಸ್ಟಮ್ ಪೈಥಾನ್‌ನಿಂದ ಬೇರೆಯಾಗಿ ಇಡುವ ವೆನ್ವ್ ಅಥವಾ ಪಿಪ್‌ಎಕ್ಸ್ ಬಳಸಿ.

ಹಂತ 6: ಗುಡಿಸುವುದು

ನೀವು ಫಾಂಟ್ಸ್-ಕೆಎನ್‌ಡಿಎ ಅನ್ನುವ ಕನ್ನಡ ಫಾಂಟ್‌ಗಳ ಪ್ಯಾಕೇಜು ಹಾಕಿದರೆ ಅದರ ಜೊತೆ ಗುಬ್ಬಿ, ನವಿಲು ಫಾಂಟ್‌ಗಳು ತಾವಾಗಿ ಬರುತ್ತವೆ. ನೀವು ಕೇಳಿದ್ದು ಮ್ಯಾನ್ಯುಯಲ್, ಜೊತೆಗೆ ಬಂದದ್ದು ಆಟೋ ಅಂತ ಆಪ್ಟ್ ಗುರುತು ಹಾಕಿಕೊಳ್ಳುತ್ತದೆ. ನಾಳೆ ಫಾಂಟ್ಸ್-ಕೆಎನ್‌ಡಿಎ ತೆಗೆದರೆ ಉಳಿದವನ್ನು ಬೇರೆ ಯಾರೂ ಕೇಳುತ್ತಿಲ್ಲ ಅಂತ "ಸುಡೋ ಆಪ್ಟ್ ಆಟೋರಿಮೂವ್" ಅವನ್ನೂ ತೆಗೆಯುತ್ತದೆ. ಗುಬ್ಬಿ ಉಳಿಯಬೇಕಿದ್ದರೆ "ಸುಡೋ ಆಪ್ಟ್-ಮಾರ್ಕ್ ಮ್ಯಾನ್ಯುಯಲ್ ಫಾಂಟ್ಸ್-ಗುಬ್ಬಿ". ಡೆಸ್ಕ್‌ಟಾಪ್‌ಗೂ ಇದೇ ನಿಯಮ ಅನ್ನುವುದನ್ನು ಮರೆಯಬೇಡಿ. ಯಾವುದೋ ಒಂದು ಆಟವನ್ನು ತೆಗೆಯಲು ಹೋಗಿ ಗ್ನೋಮ್ ಡೆಸ್ಕ್‌ಟಾಪ್‌ನ ಮೆಟಾಪ್ಯಾಕೇಜ್ (ಬೇರೆ ಪ್ಯಾಕೇಜುಗಳನ್ನು ಎಳೆದು ತರುವುದಷ್ಟೇ ಇದರ ಕೆಲಸ) ಹೋದರೆ, ಮುಂದಿನ ಆಟೋರಿಮೂವ್ ಪಟ್ಟಿ ಉದ್ದ ಇರುತ್ತದೆ. ಓದದೆ ವೈ ಒತ್ತಬೇಡಿ.

ಹಳೇ ಕರ್ನಲ್‌ಗಳೂ ಆಟೋರಿಮೂವ್‌ನಲ್ಲೇ ಹೋಗುತ್ತವೆ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದವರಿಗೆ /ಬೂಟ್ ಬೇರೆ ಚಿಕ್ಕ ಪಾರ್ಟಿಶನ್ ಆಗಿರುತ್ತದೆ, ಅದು ತುಂಬಿದರೆ ಹೊಸ ಕರ್ನಲ್ ಅರ್ಧಕ್ಕೆ ನಿಲ್ಲುತ್ತದೆ. "ಡಿಎಫ್ -ಎಚ್ /ಬೂಟ್" ಕೊಟ್ಟು ಆಗಾಗ ಜಾಗ ನೋಡಿಕೊಳ್ಳಿ. ಈಗ ಓಡುತ್ತಿರುವ ಕರ್ನಲ್ ಯಾವುದು ಅಂತ "ಯುನೇಮ್ -ಆರ್" ಹೇಳುತ್ತದೆ, ಅದನ್ನು ಮಾತ್ರ ಕೈಯಾರೆ ತೆಗೆಯಬೇಡಿ.

ರೀಬೂಟ್ ಯಾಕೆ ಅಂತ ಕೇಳುವವರಿಗೆ: ಲೈಬ್ರರಿ ಬದಲಾದರೂ ಆಗಲೇ ಓಡುತ್ತಿರುವ ಪ್ರೋಗ್ರಾಂ ಮೆಮೊರಿಯಲ್ಲಿರುವ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ತೇಪೆ ಡಿಸ್ಕ್‌ನಲ್ಲಿದೆ, ತೂತು ಮೆಮೊರಿಯಲ್ಲಿದೆ. ನೀಡ್‌ರಿಸ್ಟಾರ್ಟ್ ಅನ್ನುವ ಪ್ಯಾಕೇಜು ಯಾವ ಸರ್ವಿಸ್ ಹೀಗಿದೆ ಅಂತ ತೋರಿಸುತ್ತದೆ. ಉಬುಂಟುವಿನಲ್ಲಿ /ವರ್/ರನ್/ರೀಬೂಟ್-ರಿಕ್ವೈರ್ಡ್ ಅನ್ನುವ ಫೈಲು ಇದ್ದರೆ ರೀಬೂಟ್ ಬೇಕು ಅಂತ ಅರ್ಥ.

ಹಂತ 7: ತಾನಾಗಿ ಆಗುವ ಅಪ್‌ಡೇಟ್

ಅಪ್ಪ ಅಮ್ಮನ ಕಂಪ್ಯೂಟರ್, ಮೂಲೆಯಲ್ಲಿ ಓಡುವ ಸರ್ವರ್, ಇವಕ್ಕೆ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಇರಲಿ. ಉಬುಂಟುವಿನಲ್ಲಿ ಮೊದಲಿಂದಲೇ ಚಾಲೂ ಇರುತ್ತದೆ, ಡೆಬಿಯನ್‌ನಲ್ಲಿ ಅದೇ ಹೆಸರಿನ ಪ್ಯಾಕೇಜು ಹಾಕಿಕೊಳ್ಳಬಹುದು. ರೀಬೂಟನ್ನು ಅದು ತಾನಾಗಿ ಮಾಡುವುದಿಲ್ಲ, ನೀವು ಹೇಳಿದರೆ ಮಾತ್ರ. ಬೆಳಿಗ್ಗೆ ಆಪ್ಟ್ ಕೊಟ್ಟಾಗ "ವೇಟಿಂಗ್ ಫಾರ್ ಕ್ಯಾಶೆ ಲಾಕ್" ಅಂತ ಬಂದರೆ ಹಿನ್ನೆಲೆಯಲ್ಲಿ ಇದೇ ಓಡುತ್ತಿರುತ್ತದೆ. ಕಾಫಿ ಕುಡಿದು ಬನ್ನಿ. ಲಾಕ್ ಫೈಲನ್ನು ಅಳಿಸಿ ಅನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ, ಕೇಳಬೇಡಿ. ಎರಡು ಪ್ರೋಗ್ರಾಂಗಳು ಒಟ್ಟಿಗೆ ಪ್ಯಾಕೇಜ್ ಡೇಟಾಬೇಸ್‌ಗೆ ಬರೆದರೆ ಆಮೇಲೆ ರಿಪೇರಿ ನಿಮ್ಮ ತಲೆಗೇ ಬರುತ್ತದೆ.

ಒಂದು ಪ್ಯಾಕೇಜು ಮಾತ್ರ ಏರಬಾರದು ಅಂದರೆ "ಸುಡೋ ಆಪ್ಟ್-ಮಾರ್ಕ್ ಹೋಲ್ಡ್" ಮುಂದೆ ಅದರ ಹೆಸರು. ಬಿಡಲು ಅನ್‌ಹೋಲ್ಡ್, ಪಟ್ಟಿಗೆ ಶೋಹೋಲ್ಡ್. ಹೋಲ್ಡ್ ಮಾಡಿದ್ದಕ್ಕೆ ಸೆಕ್ಯುರಿಟಿ ತೇಪೆಯೂ ಬರುವುದಿಲ್ಲ ಅನ್ನುವುದು ನೆನಪಿರಲಿ.

ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್ ಇವು ಪ್ರೋಗ್ರಾಂ ಹಾಕುವ ಬೇರೆ ವ್ಯವಸ್ಥೆಗಳು, ಆಪ್ಟ್‌ನ ಲೆಕ್ಕಕ್ಕೆ ಬರುವುದಿಲ್ಲ. ಸ್ನ್ಯಾಪ್ ದಿನಕ್ಕೆ ನಾಲ್ಕು ಸಲ ತಾನೇ ನೋಡಿಕೊಳ್ಳುತ್ತದೆ. ಫ್ಲ್ಯಾಟ್‌ಪ್ಯಾಕ್‌ಗೆ "ಫ್ಲ್ಯಾಟ್‌ಪ್ಯಾಕ್ ಅಪ್‌ಡೇಟ್" ಕೊಡಬೇಕು, ಜಾಗ ಬೇಕಾದಾಗ "ಫ್ಲ್ಯಾಟ್‌ಪ್ಯಾಕ್ ಅನ್‌ಇನ್‌ಸ್ಟಾಲ್ --ಅನ್‌ಯೂಸ್ಡ್".

ಅರ್ಧಕ್ಕೆ ನಿಂತರೆ

ಕರೆಂಟ್ ಹೋಯಿತು, ಅಥವಾ ಯಾರೋ ಟರ್ಮಿನಲ್ ಮುಚ್ಚಿದರು. ಈ ಎರಡನ್ನು ಇದೇ ಕ್ರಮದಲ್ಲಿ ಕೊಡಿ:

ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ
ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್

ಮೊದಲನೆಯದು ಅರ್ಧ ಕೂತ ಪ್ಯಾಕೇಜುಗಳನ್ನು ಪೂರ್ತಿ ಕೂರಿಸುತ್ತದೆ, ಎರಡನೆಯದು ಬಿಟ್ಟುಹೋದ ಅವಲಂಬನೆಗಳನ್ನು ತರುತ್ತದೆ. ಎರಡನೆಯದು ಕೂಡ ಪ್ಯಾಕೇಜು ತೆಗೆಯಲು ಕೇಳಬಹುದು, ಆಗಲೂ ಪಟ್ಟಿ ಓದಿ. ಏನು ಬದಲಾಗಿತ್ತು ಅಂತ ತಿಳಿಯಬೇಕಾದರೆ /ವರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್ ತೆರೆಯಿರಿ. ಯಾವ ಹೊತ್ತಿಗೆ, ಯಾವ ಕಮಾಂಡಿನಿಂದ, ಯಾವ ಪ್ಯಾಕೇಜು ಯಾವ ವರ್ಷನ್‌ನಿಂದ ಎಲ್ಲಿಗೆ ಹೋಯಿತು ಅಂತ ಸಾಲುಸಾಲಾಗಿ ಇರುತ್ತದೆ. ಯಾರ ಹತ್ತಿರವಾದರೂ ಸಹಾಯ ಕೇಳುವಾಗ "ಅಪ್‌ಡೇಟ್ ಮಾಡಿದೆ, ಹೋಯ್ತು" ಅನ್ನುವ ಬದಲು ಈ ಫೈಲಿನ ಕೊನೇ ಭಾಗ ಕಳಿಸಿ, ಉತ್ತರ ಬೇಗ ಸಿಗುತ್ತದೆ. ಹೊಸ ಕರ್ನಲ್‌ನಲ್ಲಿ ಬೂಟ್ ಆಗುತ್ತಿಲ್ಲವಾದರೆ ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಯ್ಕೆಯಲ್ಲಿ ಹಿಂದಿನ ಕರ್ನಲ್ ಇರುತ್ತದೆ, ಅದರಿಂದ ಒಳಗೆ ಬನ್ನಿ.

ಹಂತ 8: ರಿಲೀಸ್‌ನಿಂದ ರಿಲೀಸ್‌ಗೆ

ಹಾರಿ ಹೋಗುವ ಹಾಗಿಲ್ಲ. ಉಬುಂಟು 20.04ರಿಂದ 24.04ಕ್ಕೆ ಹೋಗಬೇಕಾದರೆ 22.04ರ ಮೂಲಕವೇ ಹೋಗಬೇಕು. ಡೆಬಿಯನ್ 11ರವರು 12 ದಾಟಿಯೇ 13ಕ್ಕೆ ಬರಬೇಕು. ಮೊದಲು ಬ್ಯಾಕಪ್. ಸಿಸ್ಟಮ್‌ಗೆ ಟೈಮ್‌ಶಿಫ್ಟ್ ಅನ್ನುವ ಪ್ರೋಗ್ರಾಂನ ಸ್ನ್ಯಾಪ್‌ಶಾಟ್ ಆಗುತ್ತದೆ, ಆದರೆ ಅದು ಹೋಮ್ ಫೋಲ್ಡರನ್ನು ತಾನಾಗಿ ಸೇರಿಸುವುದಿಲ್ಲ. ಫೋಟೊ, ಕಡತಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. "ಆಪ್ಟ್-ಮಾರ್ಕ್ ಶೋಮ್ಯಾನ್ಯುಯಲ್" ಕೊಟ್ಟು ಬಂದ ಪಟ್ಟಿಯನ್ನೂ ಫೈಲಿಗೆ ಉಳಿಸಿಕೊಳ್ಳಿ. ಹೊಸದಾಗಿ ಇನ್‌ಸ್ಟಾಲ್ ಮಾಡುವ ಪರಿಸ್ಥಿತಿ ಬಂದರೆ ಏನೇನಿತ್ತು ಅಂತ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ. ಹೋಲ್ಡ್‌ಗಳನ್ನು ಬಿಡಿಸಿ. ಈಗಿನ ರಿಲೀಸ್‌ನ ಎಲ್ಲಾ ಅಪ್‌ಡೇಟ್ ಮುಗಿಸಿ ರೀಬೂಟ್ ಮಾಡಿ.

ಉಬುಂಟುವಿನಲ್ಲಿ "ಸುಡೋ ಡು-ರಿಲೀಸ್-ಅಪ್‌ಗ್ರೇಡ್". ಎಲ್‌ಟಿಎಸ್‌ನವರಿಗೆ ಹೊಸ ಎಲ್‌ಟಿಎಸ್ ಬಂದ ದಿನವೇ ಇದು ಕಾಣುವುದಿಲ್ಲ, ಮೊದಲ ಪಾಯಿಂಟ್ ರಿಲೀಸ್ (ತಿದ್ದುಪಡಿಗಳನ್ನು ಸೇರಿಸಿ ಬಿಡುವ ಆವೃತ್ತಿ) ಆದಮೇಲೆ ಕಾಣುತ್ತದೆ. ಕಾಯುವುದೇ ಒಳ್ಳೆಯದು. ಎಸ್‌ಎಸ್‌ಎಚ್ ಮೂಲಕ ಮಾಡುತ್ತಿದ್ದರೆ ಸಂಪರ್ಕ ಕಡಿದುಹೋದರೂ ಒಳಗೆ ಬರಲು 1022ನೇ ಪೋರ್ಟಿನಲ್ಲಿ ಇನ್ನೊಂದು ಎಸ್‌ಎಸ್‌ಎಚ್ ತೆರೆದಿಡುತ್ತದೆ, ಆ ಪೋರ್ಟನ್ನು ಫೈರ್‌ವಾಲ್ ತಡೆದಿಲ್ಲ ಅಂತ ಮೊದಲೇ ನೋಡಿಕೊಳ್ಳಿ.

ಡೆಬಿಯನ್‌ನಲ್ಲಿ ಕೆಲಸ ಕೈಯಿಂದ. ಹೊರಗಿನ ಸೋರ್ಸ್‌ಗಳನ್ನು ನಿಲ್ಲಿಸಿ, ಉಳಿದ ಸಾಲುಗಳಲ್ಲಿ ಬುಕ್‌ವರ್ಮ್ ಇರುವ ಕಡೆ ಟ್ರಿಕ್ಸಿ ಬರೆದು, ಒಂದಾದ ಮೇಲೆ ಒಂದು:

ಸುಡೋ ಆಪ್ಟ್ ಅಪ್‌ಡೇಟ್
ಸುಡೋ ಆಪ್ಟ್ ಅಪ್‌ಗ್ರೇಡ್ --ವಿದೌಟ್-ನ್ಯೂ-ಪಿಕೆಜಿಎಸ್
ಸುಡೋ ಆಪ್ಟ್ ಫುಲ್-ಅಪ್‌ಗ್ರೇಡ್

ಮಾಮೂಲಿ ದಿನಗಳಲ್ಲಿ ಬೇಡ ಅಂದ ಫುಲ್-ಅಪ್‌ಗ್ರೇಡ್ ಇಲ್ಲಿ ಬೇಕೇ ಬೇಕು, ಯಾಕೆಂದರೆ ಹಳೇ ಲೈಬ್ರರಿಗಳು ಜಾಗ ಬಿಟ್ಟರಷ್ಟೇ ಹೊಸವು ಬರಲು ಸಾಧ್ಯ. ತೆಗೆಯುವ ಪಟ್ಟಿ ಉದ್ದವಾಗಿಯೇ ಇರುತ್ತದೆ. ಅದರಲ್ಲಿ ಹೆಸರಿನ ಕೊನೆಯಲ್ಲಿ ಅಂಕಿ ಇರುವ ಲೈಬ್ರರಿಗಳು ಹೋದರೆ ಸಹಜ, ನೀವು ದಿನಾ ಬಳಸುವ ಪ್ರೋಗ್ರಾಂ ಹೋಗುತ್ತಿದ್ದರೆ ನಿಲ್ಲಿಸಿ ಯಾಕೆ ಅಂತ ಹುಡುಕಿ. ಡೆಬಿಯನ್‌ನ ರಿಲೀಸ್ ನೋಟ್ಸ್‌ನಲ್ಲಿ ಗೊತ್ತಿರುವ ತೊಂದರೆಗಳಿಗೇ ಒಂದು ಅಧ್ಯಾಯ ಇದೆ, ಉಳಿದದ್ದನ್ನು ಬಿಟ್ಟರೂ ಅದನ್ನು ಶುರು ಮಾಡುವ ಮುಂಚೆ ಓದಿ.

ರೀಬೂಟ್ ಆದಮೇಲೆ ಆಟೋರಿಮೂವ್, ಆಮೇಲೆ ಮೇಲೆ ಹೇಳಿದ ಆಬ್ಸೊಲೀಟ್ ಪಟ್ಟಿ. ಹೊರಗಿನ ಸೋರ್ಸ್‌ಗಳನ್ನು ಒಟ್ಟಿಗೆ ವಾಪಸ್ ತರಬೇಡಿ. ಹೊಸ ಕೋಡ್‌ನೇಮ್‌ಗೆ ಪ್ಯಾಕೇಜು ಕೊಡುತ್ತಿದ್ದಾರಾ ಅಂತ ನೋಡಿ ಒಂದನ್ನು ತೆರೆಯಿರಿ, ಅಪ್‌ಡೇಟ್ ಕೊಡಿ, ಪಟ್ಟಿಯಲ್ಲಿ ಏನು ಬಂತು ನೋಡಿ, ಆಮೇಲೆ ಮುಂದಿನದು. ಅರ್ಧದಷ್ಟು ಬೇಕಾಗಿಯೇ ಇಲ್ಲ ಅಂತ ಆಗ ಗೊತ್ತಾಗುತ್ತದೆ, ಅವನ್ನು ಅಳಿಸಿಬಿಡಿ.